ಕಂಪ್ಯೂಟರಿನ ಎರಡನೇ ಜ್ವರ

ಮೇಲೂರಿನ ಕನಕರಾಜ್‌ಗೆ ಕಂಪ್ಯೂಟರ್ ಗೊತ್ತು ಎಂಬ ಸಂಗತಿ ಊರಿಗೆ ತಿಳಿದದ್ದು ಅವನ ಬಾಯಿಂದಲೇ. ಅದಕ್ಕೆ ಅರ್ಧ ನಿಮಿಷ ಮೊದಲು ಅದು ಅವನಿಗೂ ತಿಳಿದಿರಲಿಲ್ಲ.

ರೇಷ್ಮೆ ಬೆಳೆಗಾರರ ಸಂಘದ ಸಭೆ ನಡೆದಿತ್ತು. ಚಿಂತಾಮಣಿಯಿಂದ ಮಿಸ್ಬಾ ಎಂಬ ಹುಡುಗಿ ಬಂದಿದ್ದಳು. ಹಳೆಯ ಕಂಪ್ಯೂಟರುಗಳನ್ನು ಸರಿಮಾಡಿ ಹಳ್ಳಿಯ ಸಂಘಗಳಿಗೆ ಕೊಡುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ರಟ್ಟಿನ ಪೆಟ್ಟಿಗೆಯಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟು, "ಇದರಲ್ಲಿ ಲಿನಕ್ಸ್ ಹಾಕಿದೀವಿ. ವೈರಸ್ ಕಾಟ ಕಮ್ಮಿ, ಎಲ್ಲಾ ಕನ್ನಡದಲ್ಲೇ ಇದೆ. ಎರಡು ವಾರ ಇಲ್ಲಿರುತ್ತೆ. ಅಷ್ಟರಲ್ಲಿ ನೀವೇ ಏನಾದ್ರೂ ಒಂದು ಮಾಡಿ ತೋರಿಸಿದ್ರೆ ಇದು ನಿಮ್ಮ ಸಂಘಕ್ಕೇ. ಇಲ್ಲಾಂದ್ರೆ ಪಕ್ಕದ ಊರಿನವರು ಆಗಲೇ ಕೇಳ್ತಿದಾರೆ," ಎಂದಳು. ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದಳು. "ಇಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರು?"

ಸಭೆಯಲ್ಲಿದ್ದವರೆಲ್ಲ ನೆಲದ ಸಿಮೆಂಟು ಹೇಗೆ ಬಿರುಕು ಬಿಟ್ಟಿದೆ ಎಂದು ಪರೀಕ್ಷಿಸತೊಡಗಿದರು. ಕನಕರಾಜನ ಹೆಂಡತಿಯ ತಮ್ಮ ಅಂಬರೀಶ್ ಮಾತ್ರ ಪಕ್ಕದವನ ಕಿವಿಯಲ್ಲಿ, ಆದರೆ ಇಡೀ ಸಭೆಗೆ ಕೇಳುವ ಹಾಗೆ, "ನಮ್ಮ ಭಾವಂಗಂತೂ ಟೀವಿ ರಿಮೋಟೂ ಬರಲ್ಲಪ್ಪ," ಎಂದ. ಜನ ನಕ್ಕರು. ಕನಕರಾಜನ ಬಲಗೈ ಅವನನ್ನು ಒಂದು ಮಾತೂ ಕೇಳದೆ ಮೇಲೆದ್ದಿತು.

"ನಂಗೊತ್ತು ಮೇಡಂ," ಎಂದ. "ಇಷ್ಟು ದಿನ ಹೇಳ್ಕೊಂಡಿರಲಿಲ್ಲ, ಅಷ್ಟೇ."

ಆ ವಿದ್ಯೆಯ ಮೂಲ ಎಲ್ಲಿ ಎಂದು ಕೇಳಿದರೆ, ಹಿಂದೊಮ್ಮೆ ಪಹಣಿ ತೆಗೆಸಲು ನಾಡಕಚೇರಿಗೆ ಹೋದಾಗ ಕಿಟಕಿಯ ಸರಳು ಹಿಡಿದು ಒಳಗಿನವರು ಟೈಪು ಮಾಡುವುದನ್ನು ಅರ್ಧ ದಿನ ನೋಡಿದ್ದು, ಅಷ್ಟೇ. ಸಂಘದ ಅಧ್ಯಕ್ಷ ಮುನಿಗಂಗಪ್ಪನವರು ಹೆಚ್ಚು ವಿಚಾರಿಸದೆ ಪೆಟ್ಟಿಗೆಯನ್ನು ಅವನ ಹೆಗಲಿಗೇರಿಸಿ ಕಳಿಸಿದರು.

ಮನೆಯಲ್ಲಿ ಕಂಪ್ಯೂಟರ್ ಇಡಲು ಜಾಗ ಹುಡುಕಿದಾಗ ಧೂಳಿಲ್ಲದ್ದು ಎಂದು ಸಿಕ್ಕಿದ್ದು ಒಂದೇ, ಹುಳು ಮನೆಯ ಪಕ್ಕದ ಕೋಣೆ. ಹುಳು ಮನೆ ಎಂದರೆ ರಾಧಾಮಣಿಯ ಸಾಮ್ರಾಜ್ಯ. ಹೆಸರಿಗೆ ಬೆಳೆ ಕನಕರಾಜನದಾದರೂ ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿ, ಹಾಸಿಗೆ ಬಿಡಿಸಿ, ಗೂಡು ಕಟ್ಟುವ ತನಕ ಸಾಕುವವಳು ಅವಳು. ಆಗ ಎರಡು ಜ್ವರ ದಾಟಿದ, ಅಂದರೆ ಎರಡು ಸಲ ಪೊರೆ ಬಿಟ್ಟ, ಹುಳುಗಳು ಒಳಗೆ ಸೊಪ್ಪು ತಿನ್ನುತ್ತಿದ್ದವು.

"ಇದೇನ್ರೀ ಇದು, ನನ್ನ ಸೊಪ್ಪು ಇಡೋ ಜಾಗದಲ್ಲಿ?"

"ಸಂಘದ ಕಂಪ್ಯೂಟರ್ ಕಣೇ. ಹದಿನೈದು ದಿನ. ಅಡ್ಜಸ್ಟ್ ಮಾಡ್ಕೋ."

"ನಿಮಗೆ ಅದು ಬರುತ್ತಾ?"

ಕನಕರಾಜ್ ಸ್ವಿಚ್ಚು ಹಾಕಿದ.

ಪರದೆ ಬೆಳಗಿತು. ಕನ್ನಡವೇ ಬಂತು. ಆದರೆ ಮೂಲೆಯಲ್ಲಿ 'ಅನ್ವಯಗಳು' ಎಂದಿತ್ತು, ಒತ್ತಿದರೆ 'ಪರಿಕರಗಳು', 'ಕಡತ ವ್ಯವಸ್ಥಾಪಕ' ಮುಂತಾದ ಮಾತುಗಳು ಸಾಲಾಗಿ ಇಳಿದವು. ಹೀಗೆ ಮಾತನಾಡುವ ಒಬ್ಬ ಮನುಷ್ಯನನ್ನೂ ಕನಕರಾಜ್ ಶಿಡ್ಲಘಟ್ಟದಲ್ಲಾಗಲಿ ಚಿಕ್ಕಬಳ್ಳಾಪುರದಲ್ಲಾಗಲಿ ಕಂಡಿರಲಿಲ್ಲ. ಅಕ್ಷರ ಬಿಟ್ಟು ಬೊಂಬೆಗಳ ಕಡೆ ನೋಡಿದ. ಒಂದು ಬೊಂಬೆ ಫೋಟೋ ಚೌಕಟ್ಟಿನ ಹಾಗಿತ್ತು. ಒತ್ತಿದ. ಏನೂ ಆಗಲಿಲ್ಲ. ಹಳೆಯ ಯಂತ್ರ, ಅದಕ್ಕೆ ಯೋಚಿಸಲು ಸ್ವಲ್ಪ ಸಮಯ ಬೇಕು ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಕರೆಗಂಟೆಗೆ ಯಾರೂ ಬಾಗಿಲು ತೆರೆಯದಿದ್ದರೆ ಮಾಡುವುದನ್ನೇ ಮಾಡಿದ, ಮತ್ತೆ ಮತ್ತೆ ಒತ್ತಿದ. ಪಕ್ಕದ ಬೊಂಬೆಯನ್ನೂ ಒತ್ತಿದ. ಬೇಸತ್ತು ಎದ್ದು ಹೋಗಿ ಕಾಫಿ ಕುಡಿದು ಬಂದ.

ಬಂದು ನೋಡಿದರೆ ಪರದೆಯಲ್ಲಿ ಕಾಲಿಡಲು ಜಾಗವಿಲ್ಲ. ಒಂದರ ಮೇಲೊಂದು ಅದೇ ಖಾಲಿ ಹಾಳೆ, ಅದರ ಮೇಲೆ ಲೆಕ್ಕ ಮಾಡುವ ಪೆಟ್ಟಿಗೆ, ಅದರ ಮೇಲೆ ಮತ್ತೊಂದು ಲೆಕ್ಕದ ಪೆಟ್ಟಿಗೆ. ಅವನ ತಾಯಿ ವರಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ನೋಡಿ, "ಏಮಿರಾ ಇದಿ, ಮೊಟ್ಟೆ ಒಡೆದಂಗೆ ಬಂದವಲ್ಲೋ ಎಲ್ಲಾ," ಎಂದರು.

ಕನಕರಾಜ್ ಬೆನ್ನು ನೆಟ್ಟಗೆ ಮಾಡಿ ಕೂತು, "ಚಾಕಿ ಕಟ್ಟಿದೆ ಅಮ್ಮ, ಮರಿಹುಳ ಚೆನ್ನಾಗೇ ಬಂದಿದೆ," ಎಂದ. ಒಂದೊಂದರ ತಲೆಯ ಮೇಲಿದ್ದ ಗೀಟು ಒತ್ತಿ ಕೆಳಗಿಳಿಸಿದ. ಅವು ಎಲ್ಲಿ ಹೋದವು ಎಂದು ಅವನು ಕೇಳಲಿಲ್ಲ, ಅವೂ ಹೇಳಲಿಲ್ಲ.

ಅಂದಿನಿಂದಲೇ ಅವನ ತಲೆಯಲ್ಲಿ ಹುಳು ಸೇರಿಕೊಂಡದ್ದು. ಬೇರೆ ಊರಿನವನಾಗಿದ್ದರೆ ಕಂಪ್ಯೂಟರನ್ನು ಟೀವಿಗೋ ಮೊಬೈಲಿಗೋ ಹೋಲಿಸಿ ಅರ್ಥ ಮಾಡಿಕೊಳ್ಳುತ್ತಿದ್ದ. ಕನಕರಾಜ್ ಮೇಲೂರಿನವನು, ಅವನಿಗೆ ಗೊತ್ತಿದ್ದ ಜೀವಶಾಸ್ತ್ರ ಒಂದೇ.

ಮಾರನೆಯ ದಿನ ಅವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪರದೆ ಕತ್ತಲಾಗಿತ್ತು. ಶಬ್ದವಿಲ್ಲ. ಪೆಟ್ಟಿಗೆಯ ಮೇಲೆ ಒಂದು ಸಣ್ಣ ದೀಪ ಮಾತ್ರ ನಿಧಾನವಾಗಿ ಹತ್ತಿ ಆರುತ್ತಿತ್ತು. ಕನಕರಾಜ್ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಹೀಗೆಯೇ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಹಳೆಯ ಪೊರೆ ಕಳಚಿ ಎದ್ದು ಬರುತ್ತದೆ. ಅದನ್ನೇ ಜ್ವರ ಎನ್ನುವುದು. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು.

"ಜ್ವರಕ್ಕೆ ಕೂತಿದೆ," ಎಂದು ಕನಕರಾಜ್ ಮನೆಯವರಿಗೆ ತಿಳಿಸಿದ. ಜ್ವರದಲ್ಲಿ ಆಹಾರ ಕೊಡಬಾರದಲ್ಲ, ಆದ್ದರಿಂದ ಕರೆಂಟಿನ ವೈರು ಕಿತ್ತ. ರಾಧಾಮಣಿಯ ಡಬ್ಬದಿಂದ ಸುಣ್ಣದ ಪುಡಿ ತಂದು ಕೀಲಿಮಣೆಯ ಮೇಲೆ ತೆಳ್ಳಗೆ ಉದುರಿಸಿದ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಕೂಡದು, ಊದುಬತ್ತಿ ಹಚ್ಚಕೂಡದು ಎಂದು ಅಪ್ಪಣೆ ಮಾಡಿದ.

"ರೀ, ಅದು ತಗಡಿನ ಡಬ್ಬ," ಎಂದಳು ರಾಧಾಮಣಿ.

"ನಿಂಗೇನೇ ಗೊತ್ತು?"

"ಜ್ವರ ಅಂದ್ರೇನು ಅಂತ ನಂಗೆ ಗೊತ್ತು. ನಿಮಗೆ ಕಂಪ್ಯೂಟರ್ ಅಂದ್ರೇನು ಅಂತ ಗೊತ್ತಿಲ್ಲ. ಅದೇ ತೊಂದ್ರೆ ಆಗಿರೋದು."

ಆದರೆ ಮಾರನೆಯ ಬೆಳಿಗ್ಗೆ ವೈರು ಸಿಕ್ಕಿಸಿದಾಗ ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಸರಸರನೆ ಉದುರಿ, ಕೊನೆಗೆ ಅಚ್ಚುಕಟ್ಟಾದ ಹೊಸ ಪರದೆ ಬಂತು. ಹಿಂದಿನ ದಿನದ ಕಸವೊಂದೂ ಇಲ್ಲ. ಪೊರೆ ಕಳಚಿದ್ದು ಎಂದರೆ ಇನ್ನು ಹೇಗಿರಬೇಕು? ಬಲಗಡೆ ಕೆಳಮೂಲೆಯಲ್ಲಿ ನಾಲ್ಕು ಪುಟ್ಟ ಚೌಕಗಳಿದ್ದವು, ಅವುಗಳಲ್ಲಿ ಒಂದನೆಯದಕ್ಕೆ ಮಾತ್ರ ಬಣ್ಣ. ಹುಳುವಿಗೆ ಜ್ವರ ನಾಲ್ಕು, ಇಲ್ಲಿ ಚೌಕ ನಾಲ್ಕು. ಒಂದನೇ ಜ್ವರ ಆಯಿತು ಎಂದು ಪಟ್ಟಿ ಮಾಡಿ ತೋರಿಸುತ್ತಿದೆ. ಕನಕರಾಜನಿಗೆ ಮೈ ಜುಮ್ಮೆಂದಿತು. ಇಷ್ಟು ಸುಲಭದ್ದನ್ನು ಕಲಿಯಲು ಹುಡುಗರು ವರ್ಷಗಟ್ಟಲೆ ಕಾಲೇಜಿಗೆ ಯಾಕೆ ಹೋಗುತ್ತಾರೆ ಎಂದೂ ಅನ್ನಿಸಿತು.

ಓದುಗರಿಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಆ ನಾಲ್ಕು ಚೌಕ ಎಂದರೆ ನಾಲ್ಕು ಮೇಜು ಇದ್ದ ಹಾಗೆ. ಲಿನಕ್ಸಿನವರು ಕೆಲಸ ಹರಡಿಕೊಳ್ಳಲಿ ಎಂದು ಒಂದರ ಬದಲು ನಾಲ್ಕು ಕೊಟ್ಟಿರುತ್ತಾರೆ. ಒಂದು ಮೇಜಿನಿಂದ ಇನ್ನೊಂದಕ್ಕೆ ಹೋದರೆ ಮೊದಲನೆಯದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಮೇಲಿದ್ದುದು ಅಲ್ಲೇ ಇರುತ್ತದೆ. ಇದನ್ನು ಮಿಸ್ಬಾ ಮೊದಲ ದಿನವೇ ಹೇಳಲು ಹೊರಟಿದ್ದಳು. "ಗೊತ್ತು ಮೇಡಂ, ಗೊತ್ತು" ಎಂದು ಕನಕರಾಜ್ ಅವಳ ಬಾಯಿ ಮುಚ್ಚಿಸಿದ್ದ.

ಬಿಳಿಯ ಅಕ್ಷರಗಳು ಉದುರಿದ ವಿಷಯವನ್ನು ಅವನು ಹೆಮ್ಮೆಯಿಂದ ಫೋನಿನಲ್ಲಿ ಹೇಳಿದಾಗ ಅವಳು ಗಾಬರಿಯಾದಳು. "ಅಂಕಲ್, ವೈರ್ ಕಿತ್ರಾ? ದಯವಿಟ್ಟು ಇನ್ಮೇಲೆ ಕರೆಂಟ್ ಮಾತ್ರ ತಪ್ಪಿಸ್ಬೇಡಿ. ಮಾಡಿದ್ದೆಲ್ಲ ಹೋಗ್ಬಿಡುತ್ತೆ."

ಕನಕರಾಜ್ ಸಿದ್ಧಾಂತವನ್ನು ತುಸು ತಿದ್ದಿಕೊಂಡ. ಇದು ಬೇರೆ ತಳಿ, ಜ್ವರದಲ್ಲೂ ಮೇವು ಬೇಕಾದದ್ದು. ಅಂದಿನಿಂದ ಮನೆಯ ಇನ್ವರ್ಟರಿನ ಇಡೀ ಲೈನು ಕಂಪ್ಯೂಟರಿಗೆ. ಕರೆಂಟು ಹೋದಾಗ ವರಲಕ್ಷ್ಮಮ್ಮ ಕತ್ತಲಲ್ಲಿ ಕೂತು ಅರ್ಧಕ್ಕೆ ನಿಂತ ಧಾರಾವಾಹಿಯ ಅತ್ತೆಗೆ ಮುಂದೇನಾಯಿತೋ ಎಂದು ತಳಮಳಿಸುವರು. ಹುಳು ಮನೆಯ ಫ್ಯಾನು ನಿಲ್ಲುವುದು. ರಾಧಾಮಣಿ ಒಂದು ಬೀಸಣಿಗೆ ಹಿಡಿದು ಹುಳುಗಳಿಗೆ ಗಾಳಿ ಹಾಕುತ್ತಾ ಗಂಡನ ಕೋಣೆಯ ಕಡೆ ನೋಡುವಳು. ಆ ನೋಟಕ್ಕೆ ಸೊಪ್ಪು ಬಾಡುವಂತಿತ್ತು.

ಹಾಗೆಂದು ಅವನು ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಒದ್ದಾಡಿ ಒದ್ದಾಡಿ ಆ ಖಾಲಿ ಹಾಳೆಗಳಿಗೆ ಫೋನಿನ ಫೋಟೋಗಳನ್ನು ಹಾಕುವುದು ಕಲಿತ. ಮೊಟ್ಟೆಯಿಂದ ಗೂಡಿನ ತನಕ, ಮೇಲೂರಿನ ರೇಷ್ಮೆ. ಪ್ರತಿ ಚಿತ್ರದ ಕೆಳಗೆ ಒಂದೊಂದು ಸಾಲು, ಒಂದೊಂದು ಅಕ್ಷರಕ್ಕೂ ಕೀಲಿಮಣೆಯೆಲ್ಲ ಹುಡುಕಾಡಿ. ಕೊನೆಯ ಚಿತ್ರವನ್ನು ಯಾರಿಗೂ ತೋರಿಸಲಿಲ್ಲ. ನಡುನಡುವೆ ಯಂತ್ರ 'ಇದನ್ನು ಉಳಿಸಬೇಕೆ? ಹೆಸರು ಕೊಡಿ' ಎಂದು ಕೇಳುತ್ತಿತ್ತು. ಗೂಡು ಕಟ್ಟದ ಹುಳುವಿಗೆ ಯಾರಾದರೂ ಹೆಸರಿಡುತ್ತಾರೆಯೇ ಎಂದು ಕನಕರಾಜ್ ಅದನ್ನು ಮುಚ್ಚಿಬಿಡುತ್ತಿದ್ದ.

ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ ಅಂಬರೀಶ್ ಬಂದ.

ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ. ಹುಳು ಮನೆಯ ಅಕ್ಕಪಕ್ಕ ಚಪ್ಪಲಿ ಎಂದರೆ ರೋಗ ತಂದ ಹಾಗೆ, ಹೊಸಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಬರಬೇಕು. ಅವನು ಬೆಳೆಗಾರನೇ, ಅವನಿಗೆ ಗೊತ್ತಿಲ್ಲದ್ದಲ್ಲ. ಕಂಪ್ಯೂಟರ್ ಕೋಣೆಗೂ ಆ ನಿಯಮ ಉಂಟೆಂದು ಗೊತ್ತಿರಲಿಲ್ಲ, ಅಷ್ಟೇ.

"ಏನ್ ಭಾವ, ರಿಮೋಟು ಸಿಕ್ತಾ?" ಎಂದು ನಗುತ್ತಾ ಮೌಸಿನ ಮೇಲೆ ಕೈಯಿಟ್ಟ. ಬಾಣದ ಗುರುತು ಆ ನಾಲ್ಕು ಚೌಕಗಳ ಮೇಲೆ ನಿಂತಿತ್ತು. ಮೌಸಿನ ನಡುವೆ ಇರುವ ಸಣ್ಣ ಚಕ್ರವನ್ನು ಅಂಬರೀಶ್ ಹೆಬ್ಬೆಟ್ಟಿನಿಂದ ಒಂದು ಸಲ ಹೊರಳಿಸಿದ.

ಫೋಟೋಗಳೆಲ್ಲ ಮಾಯವಾದವು. ಬರಿಯ ನೀಲಿ ಪರದೆ. ಎರಡನೇ ಚೌಕಕ್ಕೆ ಬಣ್ಣ ಬಂದಿತ್ತು.

ಕನಕರಾಜ್ ಪರದೆಗೆ ಅಡ್ಡ ಬಂದು ನಿಂತ. ಬಾಯಿಂದ ಬೇಡವಾದದ್ದೇ ಹೊರಟಿತು. "ಎರಡನೇ ಜ್ವರಕ್ಕೆ ಕೂರೋ ಹೊತ್ತಲ್ಲಿ ಮುಟ್ಟಿದ್ಯಲ್ಲೋ. ಚಪ್ಪಲಿ ಕಾಲಲ್ಲಿ ಬಂದು ಮುಟ್ಟಿದ್ಯಲ್ಲೋ. ಪೊರೆ ಜೊತೆ ಎಲ್ಲಾ ಕಳಚಿಕೊಂಡು ಹೋಯ್ತು. ನಾನು ಉದ್ಧಾರ ಆಗೋದು ನಿಂಗೆ ಬೇಕಾಗಿಲ್ಲ, ಬೇಕಂತ್ಲೇ ಮಾಡ್ದೆ."

"ಭಾವ, ತಮಾಷೆಗೆ—"

"ನನ್ನ ಬೆಳೆ ಕೆಡಿಸೋಕೆ ಬಂದ ಕಳ್ಳ ನೀನು. ನಡಿ ಆಚೆ."

ಅಂಬರೀಶನ ನಗು ಇಳಿಯಿತು. ಅವನು ಅಕ್ಕನ ಮುಖ ನೋಡಿದ, ಭಾವನ ಮುಖ ನೋಡಿದ, ಹೊರಟುಹೋದ. ಸಂಜೆಗೆ ಸಮಾಚಾರ ಬಂತು. ಕಳ್ಳನ ತೋಟದ ಸೊಪ್ಪು ಭಾವನವರಿಗೆ ಬೇಡವಾಗಿರಬಹುದು, ಕಳಿಸುವುದಿಲ್ಲ ಎಂದು.

ಇದು ಸಣ್ಣ ಮಾತಲ್ಲ. ಆ ಎರಡು ಮನೆಗಳ ನಡುವೆ ಮೊದಲಿನಿಂದ ಒಂದು ಪದ್ಧತಿ. ಕನಕರಾಜನ ಬೆಳೆ ಕೊನೆಯ ಹಂತಕ್ಕೆ ಬಂದಾಗ ಅವನ ತೋಟ ಬೋಳಾಗಿರುತ್ತದೆ, ಆಗ ಅಂಬರೀಶನ ತೋಟದ ಸೊಪ್ಪು. ಅಂಬರೀಶನ ಬೆಳೆ ಕೊನೆಗೆ ಬಂದಾಗ ಇವನ ತೋಟದ್ದು. ನಾಲ್ಕನೇ ಜ್ವರ ಎದ್ದ ಹುಳು ತಿನ್ನುವ ತಿನ್ನುವಿಕೆ ಕಂಡವರಿಗೇ ಗೊತ್ತು. ಒಂದು ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ. ಎರಡು ಮೂರು ಹೊತ್ತು ತಪ್ಪಿದರೆ ಗೂಡೇ ಇಲ್ಲ. ರಾಧಾಮಣಿಯ ಹುಳುಗಳು ಸರಿಯಾಗಿ ಆ ವಾರವೇ ನಾಲ್ಕನೇ ಜ್ವರಕ್ಕೆ ಕೂತವು, ಶನಿವಾರ ಎದ್ದವು.

"ನಿಮ್ಮ ಡಬ್ಬಕ್ಕೆ ಜ್ವರ, ನನ್ನ ಹುಳಕ್ಕೆ ಹಸಿವು," ಎಂದಳು ರಾಧಾಮಣಿ. "ಹೋಗಿ ಅಂಬರೀಶನ್ನ ಒಂದು ಮಾತು ಕೇಳ್ರೀ."

"ಮುಟ್ಟಿದ್ದು ಅವನು. ನಾನ್ಯಾಕೆ ಕೇಳ್ಲಿ?"

"ಅವನು ಮುಟ್ಟಿದ್ದು ಒಂದು ಬೆರಳಲ್ಲಿ. ನೀವು ಅಂದಿದ್ದು ಕಳ್ಳ ಅಂತ."

"ಸ್ವಲ್ಪ ಮೆಲ್ಲಗೆ ಮಾತಾಡೇ. ಕೂತಿದೆ ಅದು."

ಹೌದು, ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವಂತಿರಲಿಲ್ಲ. ಎರಡನೇ ಜ್ವರ ಏಳುವವರೆಗೆ ಕಾದರೆ ಫೋಟೋಗಳು ತಾವಾಗಿ ಬಂದಾವು ಎಂಬ ಆಸೆ ಕನಕರಾಜನಿಗೆ. ಕೀಲಿಮಣೆಗೆ ಇನ್ನೊಂದು ಸಲ ಸುಣ್ಣ ಬಿತ್ತು. ಫೋಟೋ ಹಾಕಿದ ಪ್ರೋಗ್ರಾಮನ್ನು ತೆರೆದು ನೋಡುವನು, ಖಾಲಿ ಹಾಳೆ. ಇನ್ನೊಮ್ಮೆ ತೆರೆಯುವನು, ಇನ್ನೊಂದು ಖಾಲಿ ಹಾಳೆ. ಅವನು ಅಷ್ಟು ಹುಡುಕುತ್ತಿದ್ದದ್ದು ಅವನ ಹೆಬ್ಬೆರಳಿನಷ್ಟು ದೂರದಲ್ಲಿ, ಪಕ್ಕದ ಚೌಕದಲ್ಲಿ, ಹಾಯಾಗಿ ಕೂತಿತ್ತು. ಹೆಸರಿಡದೆ ಬಿಟ್ಟಿದ್ದರಿಂದ ಕರೆಂಟು ತಪ್ಪಿದ ಗಳಿಗೆಯಲ್ಲಿ ಅದು ನಿಜವಾಗಿಯೂ ಹೋಗಲಿತ್ತು.

ಭಾನುವಾರ ಮುನಿಗಂಗಪ್ಪನವರು ರಾಜಿಗೆ ಬಂದರು. ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದರು.

"ಗಂಗಮ್ಮನ ಗುಡಿ ಮುಂದೆ ಒದ್ದೆ ಬಟ್ಟೇಲಿ ನಿಂತು ಕರ್ಪೂರ ಆರಿಸ್ತೀನಿ," ಎಂದ ಅಂಬರೀಶ್. "ನಾನು ಯಾರ ಬೆಳೇನೂ ಕೆಡಿಸಿಲ್ಲ."

"ಸರಿಯಪ್ಪ. ಪ್ರಮಾಣ ಏನಂತ ಮಾಡ್ತೀಯ? ಚಕ್ರ ಮುಟ್ಟಿಲ್ಲ ಅಂತಾನಾ?"

"ಮುಟ್ಟಿದೀನಿ."

"ಮುಟ್ಟಿದ್ರಿಂದ ಏನೂ ಹೋಗಿಲ್ಲ ಅಂತಾನಾ?"

"ಹೋಗಿದ್ದು ನಾನೂ ನೋಡ್ದೆ."

ಮುನಿಗಂಗಪ್ಪನವರು ತಲೆ ಕೆರೆದುಕೊಂಡರು. "ಹೋಗಿರೋ ವಸ್ತು ಎಂಥದು ಕನಕರಾಜಪ್ಪ? ತೂಕ ಗೀಕ ಇದ್ಯಾ?"

"ಇಲ್ಲ."

"ಕೈಗೆ ಸಿಗುತ್ತಾ?"

"ಇಲ್ಲ. ಬೆಳಕು ಥರ ಇರುತ್ತೆ."

"ಬೆಳಕು ಕದ್ದ ಅಂತ ಗಂಗಮ್ಮನ ಮುಂದೆ ಯಾವ ಬಾಯಲ್ಲಿ ಹೇಳಿಸ್ಲಪ್ಪ ನಾನು?" ಎಂದು ಅವರು ಟವೆಲು ಕೊಡವಿ ಎದ್ದರು. ವರಲಕ್ಷ್ಮಮ್ಮನವರದು ಬೇರೆ ಸಲಹೆ. "ಅದಕ್ಕೆ ಏನೋ ಮೆಟ್ಕೊಂಡೈತೆ. ಮುರುಗಮಲ್ಲದ ದರ್ಗಾಕ್ಕೆ ಎತ್ಕೊಂಡೋಗ್ರಾ. ಮನುಷ್ಯರಿಗೇ ಬಿಡ್ಸ್ತಾರೆ, ಇದೇನು ಮಹಾ."

ಕೊನೆಗೆ ರಾಧಾಮಣಿಯೇ ತಮ್ಮನ ಮನೆಗೆ ಹೋದಳು. ಅಂಬರೀಶ್ ಒಂದು ಹೊರೆ ಸೊಪ್ಪು ಕೊಯ್ದು ಅವಳ ತಲೆಗೇರಿಸಿದ. "ಅಕ್ಕ, ಇದು ನಿನ್ನ ಮುಖ ನೋಡಿ. ನಾಳೆ ಮಧ್ಯಾಹ್ನದ ತನಕ ಆಗುತ್ತೆ. ಇನ್ನೊಂದು ಹೊರೆ ಭಾವ ಬಂದು ಬಾಯಿಬಿಟ್ಟು ಮಾತಾಡಿದ ಮೇಲೆ."

ಅವಳು ಬಂದು ಸೊಪ್ಪು ಹಾಕಿದಳು. ಅಷ್ಟರಲ್ಲಿ ಕರೆಂಟು ಹೋಯಿತು, ಹುಳು ಮನೆಯ ಫ್ಯಾನು ನಿಂತಿತು. ರಾಧಾಮಣಿ ಬೀಸಣಿಗೆಗೆ ಕೈ ಹಾಕಲಿಲ್ಲ. ನೆಟ್ಟಗೆ ಕಂಪ್ಯೂಟರ್ ಕೋಣೆಗೆ ಹೋಗಿ ಗೋಡೆಯ ಪ್ಲಗ್ಗು ಹಿಡಿದಳು.

"ಬೇಡ ಕಣೇ," ಎಂದ ಕನಕರಾಜ್. "ನಾಳೆ ಆ ಮೇಡಂ ಬರ್ತಾರೆ. ಊರಿನ ಮುಂದೆ ಕೈಯೆತ್ತಿದೀನಿ ನಾನು. ಒಂದು ರಾತ್ರಿ ಬಿಡು."

ರಾಧಾಮಣಿಗೆ ಸಿಟ್ಟೂ ಬಂತು, ಆ ಮುಖ ನೋಡಿ ಅಯ್ಯೋ ಅಂತಲೂ ಅನ್ನಿಸಿತು. ಪ್ಲಗ್ಗು ಬಿಟ್ಟು ಬೀಸಣಿಗೆ ತಂದು ಅವನ ಕೈಗೆ ಕೊಟ್ಟಳು. "ಹೋಗಿ ನೀವೇ ಬೀಸಿ." ಕನಕರಾಜ್ ಕರೆಂಟು ಬರುವವರೆಗೂ ಬೀಸಿದ.

ಸೋಮವಾರ ಮಿಸ್ಬಾ ತನ್ನ ಮೇಲಿನ ಅಧಿಕಾರಿ ತಿರುಮಲೇಶ್ ಎಂಬವರನ್ನು ಕರೆದುಕೊಂಡು ಬಂದಳು. ಹೊಳೆಯುವ ಬೂಟು, ಕೈಯಲ್ಲಿ ಫೈಲು. ಹೊಸಿಲಲ್ಲೇ ಕನಕರಾಜ್ ಅಡ್ಡ ನಿಂತ.

"ಸಾರ್, ಬೂಟು ಸಾಕ್ಸು ಬಿಚ್ಚಿ. ಈ ನೀರಲ್ಲಿ ಕಾಲದ್ದಿ. ಕೈನೂ."

ತಿರುಮಲೇಶ್ ಮಿಸ್ಬಾಳನ್ನು ನೋಡಿದರು. "ಹುಳು ಮನೆ ಹತ್ತಿರ ಇದೆ ಸರ್, ಇಲ್ಲಿ ಹಾಗೇ," ಎಂದಳು ಅವಳು. ಪಾಪ, ಅಧಿಕಾರಿಗಳು ಪ್ಯಾಂಟು ಮಡಚಿ ಬ್ಲೀಚಿಂಗ್ ನೀರಿಗಿಳಿದರು. ಹಿಂದೆ ಮುನಿಗಂಗಪ್ಪನವರು, ಸಂಘದ ನಾಲ್ಕಾರು ಜನ, ಅವರ ಹಿಂದೆ ಮುನಿಗಂಗಪ್ಪನವರ ಬಲವಂತಕ್ಕೆ ಬಂದ ಅಂಬರೀಶ್. ಅವನು ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತು ಕಿಟಕಿಯಿಂದ ನೋಡುತ್ತಿದ್ದ.

"ಎಲ್ಲಾರೂ ಮೆಲ್ಲಗೆ ಕೂತ್ಕೊಳ್ಳಿ," ಎಂದ ಕನಕರಾಜ್ ಪಿಸುದನಿಯಲ್ಲಿ. "ಎರಡನೇ ಜ್ವರ ಇನ್ನೂ ಎದ್ದಿಲ್ಲ."

"ಯಾರಿಗೆ ಜ್ವರ?" ತಿರುಮಲೇಶ್ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು.

"ಕಂಪ್ಯೂಟರ್‌ಗೆ ಸಾರ್. ಗುರುವಾರದಿಂದ. ಜ್ವರದಲ್ಲಿದ್ದಾಗ ಮುಟ್ಟಿಬಿಟ್ರು. ಮಾಡಿಟ್ಟಿದ್ದು ಎಲ್ಲಾ ಪೊರೆ ಜೊತೆ ಹೋಯ್ತು. ಎರಡು ದಿನ ಟೈಮ್ ಕೊಟ್ರೆ ಏಳುತ್ತೆ."

ತಿರುಮಲೇಶ್ ಫೈಲು ಮುಚ್ಚಿದರು. "ಮಿಸ್ಬಾ, ಪಕ್ಕದ ಊರಿನವರಿಗೆ ಫೋನ್ ಮಾಡಮ್ಮ."

ಮುನಿಗಂಗಪ್ಪನವರ ತಲೆ ತಗ್ಗಿತು. ಪಕ್ಕದ ಹುಳು ಮನೆಯಿಂದ ರಾಧಾಮಣಿ ಬಂದು ಬಾಗಿಲಿಗೆ ಒರಗಿದಳು, ಅವಳ ಕೈಯಲ್ಲಿ ಕೊನೆಯ ಹಿಡಿ ಸೊಪ್ಪಿತ್ತು. ಮಿಸ್ಬಾ ಫೋನು ತೆಗೆಯಲಿಲ್ಲ, ಮೇಜಿನ ಮುಂದೆ ಕೂತಳು. ಮೌಸು ಅಲ್ಲಾಡಿಸಿದಳು, ಪರದೆ ಬೆಳಗಿತು. ಖಾಲಿ ಹಾಳೆಗಳ ರಾಶಿ. ಕೀಲಿಮಣೆ ಮುಟ್ಟಿದ ಬೆರಳನ್ನು ಮೂಸಿ ನೋಡಿದಳು.

"ಅಂಕಲ್, ಇದೇನು ಬೆಳ್ಳಗೆ?"

"ಸುಣ್ಣ ಮೇಡಂ. ಜ್ವರಕ್ಕೆ."

ಅವಳು ಬೆರಳು ಒರೆಸಿಕೊಂಡಳು. ಬಾಣವನ್ನು ಕೆಳಮೂಲೆಗೆ ಒಯ್ದು ಒಂದನೇ ಚೌಕವನ್ನು ಒತ್ತಿದಳು.

ಬಂತು. ಮೊಟ್ಟೆಯ ಹಾಳೆ, ಚಾಕಿ ಹುಳು, ಹಿಪ್ಪುನೇರಳೆ ತೋಟ, ಜ್ವರಕ್ಕೆ ತಲೆಯೆತ್ತಿ ಕೂತ ಹುಳುಗಳು, ಸೊಪ್ಪು ಹಾಕುತ್ತಿರುವ ರಾಧಾಮಣಿಯ ಕೈ. ಮಿಸ್ಬಾ ಒಂದೊಂದಾಗಿ ಸರಿಸುತ್ತಾ ಹೋದಳು. ತಿರುಮಲೇಶ್ ಕರವಸ್ತ್ರ ಇಳಿಸಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಕೊನೆಯ ಚಿತ್ರದಲ್ಲಿ ಒಬ್ಬ ಮನುಷ್ಯ ತಲೆಯ ಮೇಲೆ ದೊಡ್ಡ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದ. ಮುಖ ಅರ್ಧ ಸೊಪ್ಪಿನಲ್ಲಿ ಮುಚ್ಚಿತ್ತು. ಕೆಳಗಿನ ಸಾಲನ್ನು ಮಿಸ್ಬಾ ಗಟ್ಟಿಯಾಗಿ ಓದಿದಳು. "ಇವನು ನನ್ನ ಭಾಮೈದ ಅಂಬರೀಶ. ಕೊನೆಯ ಸೊಪ್ಪು ಇವನದು. ಇವನಿಲ್ಲದೆ ನಮ್ಮ ಮನೆಯಲ್ಲಿ ಗೂಡಿಲ್ಲ."

ಕಿಟಕಿಯಲ್ಲಿದ್ದ ಮುಖ ಅಲ್ಲಾಡಲಿಲ್ಲ.

"ಹೋಗಿರಲಿಲ್ಲ ಅಂಕಲ್, ಇಲ್ಲೇ ಇತ್ತು," ಎಂದಳು ಮಿಸ್ಬಾ. "ಇದು ಪಕ್ಕದ ಮೇಜು, ಅಷ್ಟೇ. ಯಾರೂ ಏನೂ ಕೆಡಿಸಿಲ್ಲ. ಬಹಳ ಚೆನ್ನಾಗಿದೆ. ನಿಮಗೆ ಕಂಪ್ಯೂಟರ್ ಗೊತ್ತು ಅಂದಿದ್ರಿ, ಇದೊಂದು ಗೊತ್ತಿರಲಿಲ್ವಾ?"

ಅವಳು ಕೈಗೆ ಕೊಟ್ಟ ದಾರಿ ಅದು. ಹೌದು ಮೇಡಂ, ಇದೊಂದು ಮರೆತಿದ್ದೆ ಎಂದಿದ್ದರೆ ಮುಗಿಯುತ್ತಿತ್ತು. ಕನಕರಾಜ್ ಅವಳನ್ನು ನೋಡಲಿಲ್ಲ, ಸಂಘದವರನ್ನೂ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತ.

"ನಂಗೆ ಕಂಪ್ಯೂಟರ್ ಗೊತ್ತಿಲ್ಲ ಮೇಡಂ," ಎಂದ. "ಸುಳ್ಳು ಹೇಳ್ದೆ. ಟೀವಿ ರಿಮೋಟೂ ಬರಲ್ಲ ನಂಗೆ."

ಕಿಟಕಿಯಲ್ಲಿದ್ದ ಮುಖ ಸರಿದು ಹೋಯಿತು. ನೋಡಿದರೆ ಅಂಬರೀಶ್ ಬೆನ್ನು ತಿರುಗಿಸಿ ಅಂಗಳ ದಾಟುತ್ತಿದ್ದ. ಕನಕರಾಜ್ ಮೇಜಿನಂಚು ಹಿಡಿದುಕೊಂಡ. ಕಂಪ್ಯೂಟರ್ ಸಂಘಕ್ಕೇ ಉಳಿಯಿತು ಎಂದು ತಿರುಮಲೇಶ್ ಹೇಳಿದ್ದೂ, ಆದರೆ ನಾಳೆಯಿಂದ ಅದು ಸಂಘದ ಕೋಣೆಯಲ್ಲಿರಬೇಕು, ಸುಣ್ಣದ ಡಬ್ಬ ಅದರ ಹತ್ತಿರ ಸುಳಿಯಬಾರದು ಎಂದದ್ದೂ, ಮುನಿಗಂಗಪ್ಪನವರು ಕೈಮುಗಿದದ್ದೂ ಅವನ ಕಿವಿಗೆ ಬಿತ್ತೋ ಇಲ್ಲವೋ.

"ಮೊದಲು ಇದನ್ನ ಉಳಿಸ್ಬೇಕು. ಹೆಸರು ಹೇಳಿ ಅಂಕಲ್," ಎಂದಳು ಮಿಸ್ಬಾ.

"ಮೇಲೂರು ಅಂತ ಇಡಿ ತಾಯಿ," ಎಂದರು ಮುನಿಗಂಗಪ್ಪನವರು. ಕನಕರಾಜ್ ಬಗ್ಗಿ, ಒಂದೊಂದೇ ಅಕ್ಷರ ಹುಡುಕಿ, ತಾನೇ ಒತ್ತಿದ. ಬಹಳ ಹೊತ್ತು ಹಿಡಿಯಿತು. ಅಂಬರೀಶ ಎಂದು ಮೂಡಿತು.

ಆಗ ಹೊಸಿಲಲ್ಲಿ ನೀರಿನ ಸದ್ದಾಯಿತು. ಚಪ್ಪಲಿ ಅಂಗಳದಲ್ಲೇ ಬಿಟ್ಟು, ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು, ಅಂಬರೀಶ್ ಬ್ಲೀಚಿಂಗ್ ನೀರಿನಲ್ಲಿ ಒಂದು ಕಾಲಾದ ಮೇಲೆ ಇನ್ನೊಂದು ಕಾಲನ್ನು ಅದ್ದುತ್ತಿದ್ದ. ಮುಖ ಅರ್ಧ ಸೊಪ್ಪಿನಲ್ಲಿ ಮುಚ್ಚಿತ್ತು.

"ಇಳಿಸ್ಕೊಳ್ಳಿ ಭಾವ, ಕತ್ತು ನೋಯ್ತಿದೆ," ಎಂದ.

ಕನಕರಾಜ್ ಇಳಿಸಿಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರಾಧಾಮಣಿ ಕಾಯದೆ ಅಲ್ಲಿಯೇ ಹೊರೆಯ ಹಗ್ಗ ಬಿಚ್ಚಿ ಒಂದು ತೆಕ್ಕೆ ಎತ್ತಿಕೊಂಡು ಹುಳು ಮನೆಗೆ ಓಡಿದಳು.

"ಬಾರೋ, ಮುಟ್ಟು," ಎಂದ ಕನಕರಾಜ್. "ಏನೂ ಆಗಲ್ಲ."

ಅಂಬರೀಶ್ ಅನುಮಾನಿಸುತ್ತಾ ಮೌಸಿನ ಮೇಲೆ ಕೈಯಿಟ್ಟ. ಮಿಸ್ಬಾ ಬಾಣವನ್ನು ಚೌಕಗಳ ಮೇಲೆ ನಿಲ್ಲಿಸಿಕೊಟ್ಟಳು. ಅವನು ಹೆಬ್ಬೆಟ್ಟಿನಿಂದ ಚಕ್ರವನ್ನು ಹೊರಳಿಸಿದ, ಚಿತ್ರ ಹೋಯಿತು. ಹಿಂದಕ್ಕೆ ಹೊರಳಿಸಿದ, ಚಿತ್ರ ಬಂತು. ತಲೆಯ ಮೇಲೆ ಹೊರೆ ಹೊತ್ತ ತನ್ನನ್ನೇ ಅವನು ಸ್ವಲ್ಪ ಹೊತ್ತು ನೋಡಿದ.

"ಅಷ್ಟೇನಾ ಭಾವ?"

"ಅಷ್ಟೇ ಕಣೋ."

"ಸೊಪ್ಪು ತಗೊಂಡ್ ಬರ್ತೀರೋ, ಅಲ್ಲೇ ಆಟ ಆಡ್ತೀರೋ?" ಎಂದು ಹುಳು ಮನೆಯಿಂದ ರಾಧಾಮಣಿ ಕೂಗಿದಳು. ಭಾವ ಭಾಮೈದ ಇಬ್ಬರೂ ಹೊರೆಯ ಒಂದೊಂದು ಕಡೆ ಹಿಡಿದು ಎತ್ತಿದರು.